ಬರ್ತೀನಿ ಎಂದು ಹೊರಟದ್ದು

ಸಿಂಧಘಟ್ಟ,
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ರಂಜಿತಳ ಅಪ್ಪನಿಗೆ,

ನಿಮ್ಮ ಪ್ರಮೀಳಾ ಮಾಡುವ ನಮಸ್ಕಾರ. ಹೇಗಿದ್ದೀರಿ? ಕೆಮ್ಮು ಕಡಿಮೆಯಾಯಿತೇ? ಆ ಕಡೆಯ ಬೆಟ್ಟಗಳಲ್ಲಿ ಈ ಸಲ ಹಿಮ ಬೇಗ ಶುರುವಾಗಿದೆ ಎಂದು ಪೇಪರಿನಲ್ಲಿ ಓದಿದ ದಿನದಿಂದ ಅತ್ತೆ ಬೆಳಿಗ್ಗೆ ಬಿಸಿನೀರು ಕಾಯಿಸುವಾಗಲೆಲ್ಲ ನಿಮ್ಮ ಹೆಸರು ಹೇಳುತ್ತಾರೆ. ಇಲ್ಲಿ ಎಲ್ಲರೂ ಕ್ಷೇಮ. ಅತ್ತೆಯ ಮಂಡಿನೋವು ಇದ್ದ ಹಾಗೇ ಇದೆ, ಆದರೆ ಬಾಯಿಗೆ ಯಾವ ನೋವೂ ಇಲ್ಲ. ಮಾವ ರಾಗಿ ಕೊಯ್ಲಿಗೆ ಆಳು ಸಿಗದೆ ಒದ್ದಾಡುತ್ತಿದ್ದಾರೆ. ಸೀಮೆಹಸು ಹೆಣ್ಣುಗರು ಹಾಕಿದೆ. ರಂಜಿತ ತಾಲ್ಲೂಕು ಮಟ್ಟದ ವಾಲಿಬಾಲ್‌ಗೆ ಆಯ್ಕೆಯಾಗಿದ್ದಾಳೆ. ಸಂತೆಬಾಚಹಳ್ಳಿಯ ಧರ್ಮೇಂದ್ರ ರಜೆ ಮುಗಿಸಿ ನಾಳೆ ಬೆಳಿಗ್ಗೆ ನಿಮ್ಮ ಯೂನಿಟ್ಟಿಗೇ ವಾಪಸ್ಸು ಹೊರಡುತ್ತಾರೆ. ನಿಪ್ಪಟ್ಟು, ಹುರಿಗಾಳು, ಚಟ್ನಿಪುಡಿಯ ಜೊತೆ ಈ ಕಾಗದವನ್ನೂ ಅವರ ಕೈಗೇ ಕೊಡುತ್ತೇನೆ. ನೀವು ಕೆಳಗಿನ ಕ್ಯಾಂಪಿಗೆ ಇಳಿದು ಫೋನ್ ಮಾಡುವತನಕ ಕಾದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ. ಅಷ್ಟು ದೊಡ್ಡ ಸುದ್ದಿ.

ಸುದ್ದಿಯನ್ನು ಪೇಪರಿನವರ ಹಾಗೆ ಮೊದಲ ಸಾಲಿನಲ್ಲೇ ಹೇಳಿಬಿಡಬೇಕು ಅನ್ನಿಸುತ್ತಿದೆ, ಆದರೆ ಹಾಗೆ ಹೇಳಿದರೆ ನಿಮಗೆ ಅರ್ಧ ಮಾತ್ರ ತಿಳಿಯುತ್ತದೆ. ಆದ್ದರಿಂದ ನಡೆದ ಹಾಗೆ ಬರೆಯುತ್ತೇನೆ, ಕೊನೆಯ ಪುಟಕ್ಕೆ ಹಾರಬೇಡಿ. ಸೆಪ್ಟೆಂಬರಿನಲ್ಲಿ, ನಾನು ಹಾಲು ಅಳೆದುಕೊಳ್ಳುವ ನಮ್ಮೂರ ಡೈರಿಗೆ ಬರುವ ಪೇಪರಿನಲ್ಲಿ ಒಂದು ಜಾಹೀರಾತು ನೋಡಿದೆ. ಶ್ರೀರಂಗಪಟ್ಟಣದ ಹತ್ತಿರ, ಹೊಳೆದಂಡೆಯ ಮೇಲೆ ಹೊಸದಾಗಿ ಒಂದು ರೆಸಾರ್ಟು ಶುರುವಾಗಿದೆ. ಬಂದವರನ್ನು ಎದುರುಗೊಳ್ಳುವ ಕೌಂಟರಿಗೆ ಹೆಂಗಸರು ಬೇಕು, ಪಿಯುಸಿ ಆಗಿರಬೇಕು, ಇಂಗ್ಲಿಷ್ ಮಾತಾಡಲು ಬರಬೇಕು, ವಯಸ್ಸು ಮೂವತ್ತೈದು ದಾಟಿರಬಾರದು ಎಂದಿತ್ತು. ಫೆಬ್ರವರಿಗೆ ನನಗೆ ಮೂವತ್ತಾರು ತುಂಬುತ್ತದೆ. ಇಂಥ ಜಾಹೀರಾತು ಮತ್ತೆ ಬಂದರೂ ಅದು ನನಗಲ್ಲ ಎಂದು ಅಲ್ಲೇ ಗೊತ್ತಾಯಿತು. ನೀವು ಇನ್ನೆರಡು ವರ್ಷಕ್ಕೆ ಪೆನ್ಷನ್ ತೆಗೆದುಕೊಂಡು ಬರುತ್ತೀರಿ. ಬಂದ ಮೇಲೆ ಬೆಂಗಳೂರಿನಲ್ಲಿ ಯಾವುದಾದರೂ ಗೇಟಿನಲ್ಲಿ ಸೆಕ್ಯೂರಿಟಿ ಕೆಲಸ ಹಿಡಿಯುತ್ತೇನೆ ಎಂದು ಹೋದ ರಜೆಯಲ್ಲಿ ಹೇಳಿದಿರಿ. ಮದುವೆಯಾದಾಗಿನಿಂದ ಬೇರೆ ಬೇರೆ ಇದ್ದವರು ಆಮೇಲೂ ಬೇರೆ ಬೇರೆಯೇ? ನನಗೊಂದು ಗಟ್ಟಿ ಸಂಬಳ ಇದ್ದರೆ ನೀವು ಗೇಟು ಹುಡುಕಿಕೊಂಡು ಹೋಗುವುದು ತಪ್ಪುತ್ತದೆ, ನಾವು ಮೂರು ಜನ ಒಂದೇ ಸೂರಿನಡಿ ಇರಬಹುದು. ಇದೊಂದೇ ಲೆಕ್ಕ ಹಾಕಿ ಅರ್ಜಿ ಹಾಕಿದೆ. ನಿಮಗೆ ಹೇಳಲಿಲ್ಲ, ಏಕೆಂದರೆ ಸಿಗದೇ ಹೋದರೆ ಹೇಳುವಂಥದ್ದೇನೂ ಇರುತ್ತಿರಲಿಲ್ಲ.

ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಿರುವುದು ನಿಮಗೆ ಗೊತ್ತಿದೆ. ಆದರೆ ಅಲ್ಲಿ ಏನು ನಡೆಯುತ್ತದೆ ಎಂದು ನಾನು ಎಂದೂ ಬರೆದಿಲ್ಲ. ಚಲುವರಾಜು ಮೇಷ್ಟ್ರು ಹೈಸ್ಕೂಲಿನಿಂದ ನಿವೃತ್ತರಾದವರು, ಸಂತೆಬಾಚಹಳ್ಳಿಯಲ್ಲಿ ಗೊಬ್ಬರದ ಅಂಗಡಿಯ ಮಹಡಿ ಮೇಲೆ ಸಂಜೆ ಪಾಠ ಹೇಳುತ್ತಾರೆ. ಕಲಿಯುವವರೆಲ್ಲ ಹೆಂಗಸರೇ. ಅವರ ಪದ್ಧತಿ ಬೇರೆ. ವ್ಯಾಕರಣ ಶುರುಮಾಡದೆ ಒಂದೇ ಒಂದು ಕ್ರಿಯಾಪದ ಹಿಡಿದುಕೊಂಡು ಅದನ್ನು ಬಟ್ಟೆ ಒಗೆದ ಹಾಗೆ ಒಗೆದು, ಹಿಂಡಿ, ಒಣಗಿಸಿದ ಮೇಲೇ ಮುಂದಿನದಕ್ಕೆ ಕೈ ಹಾಕುವುದು. ನಮಗೆ ಸಿಕ್ಕಿದ್ದು ‘ಗೋ’. ನಾಲ್ಕನೇ ಕ್ಲಾಸಿನ ಮಕ್ಕಳಿಗೂ ಬರುವ ಪದ, ಇದರಲ್ಲಿ ಏನಿದೆ ಎಂದುಕೊಂಡೆ. ಅಯ್ಯೋ, ಏನಿಲ್ಲ ಕೇಳಿ! ಹಾಲು ಕೆಟ್ಟುಹೋದರೆ ‘ದಿ ಮಿಲ್ಕ್ ವೆಂಟ್ ಬ್ಯಾಡ್’. ನಾವೂ ‘ಕೆಟ್ಟು ಹೋಯಿತು’ ಅಂತಲೇ ಅನ್ನುವುದಲ್ಲವೇ? ಅವರೂ ಹೋಯಿತು, ನಾವೂ ಹೋಯಿತು! ಅದು ಹೊಳೆದ ದಿನ ಡೈರಿಯಲ್ಲಿ ಕ್ಯಾನು ತೊಳೆಯುತ್ತ ಒಬ್ಬಳೇ ನಕ್ಕೆ. ಸೀರೆಗೆ ರವಿಕೆ ಒಪ್ಪಿದರೆ ಅದು ಸೀರೆಯ ಜೊತೆ ‘ಗೋಸ್’. ಬೆಲೆ ಏರಿದರೆ ‘ಗೋಸ್ ಅಪ್’. ಪತ್ರ ಪೂರ್ತಿ ಓದಿ ನೋಡಿದರೆ ‘ಗೋ ಥ್ರೂ’, ಕಷ್ಟ ಅನುಭವಿಸಿದರೂ ‘ಗೋ ಥ್ರೂ’. ನಿಲ್ಲಿಸಬೇಡ, ಮುಂದೆ ಹೇಳು ಅನ್ನುವುದಕ್ಕೆ ‘ಗೋ ಆನ್’. ದೀಪ ಆರಿದರೂ ‘ಗೋಸ್ ಆಫ್’, ಅಲಾರಂ ಬಡಿದುಕೊಂಡರೂ ‘ಗೋಸ್ ಆಫ್’. ಆ ಎರಡನ್ನೂ ಹೇಳಿದ ದಿನ, ಬಸ್‌ಸ್ಟ್ಯಾಂಡಿನ ಹತ್ತಿರ ಇಡ್ಲಿ ಹೋಟೆಲು ನಡೆಸುವ ಚಿಕ್ಕಬೋರಮ್ಮ ಪುಸ್ತಕ ಮುಚ್ಚಿಟ್ಟು, ‘ಮೇಷ್ಟ್ರೇ, ಒಂದು ಬಾಯಿ ಮುಚ್ಕತದೆ, ಒಂದು ಬಾಯಿ ಬಡ್ಕತದೆ, ಎರಡ್ಕೂ ಒಂದೇ ಮಾತಾ? ಈ ಜನ ಅದೆಂಗೆ ನಮ್ನ ಆಳುದ್ರು?’ ಎಂದು ಕೇಳಿದರು. ಮೇಷ್ಟ್ರು ಚಾಕ್‌ಪೀಸ್ ಕೆಳಗಿಟ್ಟು ನಕ್ಕರು.

ಇನ್ನೊಂದು ಹೇಳಲೇಬೇಕು. ಮೋಡ ಕವಿದಾಗ ‘ಇಟ್ ಈಸ್ ಗೋಯಿಂಗ್ ಟು ರೈನ್’ ಅನ್ನಬೇಕಂತೆ. ನಮ್ಮ ಮಳೆ ಬರುತ್ತದೆ, ಅವರ ಮಳೆ ಹೋಗುತ್ತದೆ. ಮನೆಗೆ ಬಂದು ಅತ್ತೆಗೆ ಹೇಳಿದೆ. ‘ಅದ್ಕೇ ಇರ್ಬೇಕು, ನಮ್ಮೂರ್ಗೆ ಬತ್ತಾನೇ ಇಲ್ಲ’ ಅಂದರು. ಅಂದ ಹಾಗೆ ಅತ್ತೆ ಮೊದಲು ಇದಕ್ಕೆಲ್ಲ ಒಪ್ಪಿರಲಿಲ್ಲ. ‘ಓಟ್ಲು ಬಾಗ್ಲಲ್ಲಿ ನಿಂತ್ಕಂಡು ಕಂಡೋರ್ಗೆಲ್ಲ ಕೈ ಮುಗ್ಯಾಕೆ ನಮ್ಮನೆ ಸೊಸೆನೇ ಬೇಕಾಗಿತ್ತಾ?’ ಎಂದು ಎರಡು ದಿನ ಮುಖ ಊದಿಸಿಕೊಂಡಿದ್ದರು. ಮೂರನೇ ದಿನ ನಾನು ಕನ್ನಡಿಯ ಮುಂದೆ ಒಬ್ಬಳೇ ಗೊಣಗುವುದನ್ನು ನೋಡಲಾರದೆ, ರಂಜಿತಳ ಸ್ಕೂಲ್ ಬ್ಯಾಗು ಹೆಗಲಿಗೆ ಹಾಕಿಕೊಂಡು ಜಗಲಿಗೆ ಹೋಗಿ, ಅಲ್ಲಿಂದ ಒಳಗೆ ಬಂದು, ‘ನಾನು ಫಾರಿನ್ನೋಳು ಕಣವ್ವ. ಈಗ ಮಾತಾಡ್ಸು’ ಎಂದು ನಿಂತರು. ನಾನು ‘ಗುಡ್ ಮಾರ್ನಿಂಗ್ ಮೇಡಂ, ಯುವರ್ ನೇಮ್ ಪ್ಲೀಸ್’ ಅಂದೆ. ‘ಬಿಸ್ಲಲ್ಲಿ ಬಂದಿವ್ನಿ, ಎಸ್ರು ಆಮ್ಯಾಕೆ ಕೇಳು, ಮೊದ್ಲು ನೀರು ಕೊಡು. ನಿಮ್ಮವ್ವ ಇದ್ನೇ ಕಲ್ಸಿದ್ದಾ?’ ಎಂದು ಬೈದರು. ಮಾವ ಹಸುವಿಗೆ ಹುಲ್ಲು ಹಾಕುವುದನ್ನು ಬಿಟ್ಟು ಕೂತು ನೋಡಿದರು. ದಿನಾ ಇದೇ ನಾಟಕ. ಫಾರಿನ್ನಿನವಳಿಗೆ ದಿನಕ್ಕೊಂದು ತಕರಾರು. ಒಂದು ದಿನ ಸೊಳ್ಳೆ, ಒಂದು ದಿನ ಕಾಫಿಗೆ ಸಕ್ಕರೆ ಕಡಿಮೆ, ಒಂದು ದಿನ ಪಕ್ಕದ ರೂಮಿನವನು ಗೊರಕೆ ಹೊಡೆಯುತ್ತಾನೆ. ಆ ದಿನ ಮಾವ ಎದ್ದು ಹೋದರು.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ಪಾಠ ಮುಗಿದ ಮೇಲೆ ಹೊರಡುವಾಗ ಪ್ರತಿಯೊಬ್ಬರೂ ‘ಐ ಆಮ್ ಗೋಯಿಂಗ್’ ಎಂದು ಹೇಳಿ ಬಾಗಿಲು ದಾಟಬೇಕು ಎಂದು ಮೇಷ್ಟ್ರು ಒಂದು ನಿಯಮ ಮಾಡಿದರು. ಒಬ್ಬರೂ ಹೇಳಲಿಲ್ಲ. ನಿಮಗೇ ಗೊತ್ತು, ನಮ್ಮಲ್ಲಿ ಹೊಸಿಲ ಮೇಲೆ ನಿಂತು ಹೋಗ್ತೀನಿ ಅನ್ನುವವರು ಯಾರಿದ್ದಾರೆ? ಅಂದವರು ವಾಪಸ್ಸು ಬರುವುದಿಲ್ಲ ಎಂಬ ಭಯ. ಸಾವಿನ ಮನೆಯಿಂದ ಮಾತ್ರ ಏನೂ ಹೇಳದೆ ಎದ್ದು ಬರುತ್ತೇವೆ. ಮೇಷ್ಟ್ರು ಬೋರ್ಡಿಗೆ ಬಡಿದು ಬಡಿದು ಹೇಳಿದರು, ‘ಇದು ಇಂಗ್ಲಿಷು ಕಣ್ರಮ್ಮ, ಇದಕ್ಕೆ ದೋಷ ಇಲ್ಲ.’ ಚಿಕ್ಕಬೋರಮ್ಮ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ‘ದೋಸ ಬಾಸೆ ನೋಡ್ಕಂಡು ಬತ್ತದಾ ಮೇಷ್ಟ್ರೇ? ಮನೇಲಿ ಮೊಮ್ಮಗ ಅವ್ನೆ, ಓಯ್ತೀನಿ ಅಂತ ನಾನಂತೂ ಅನ್ನಕಿಲ್ಲ. ಬತ್ತೀನಿ ಅನ್ನಾಕೆ ಏನಂತಾರೆ, ಅದ್ನ ಯೋಳಿ’ ಅಂದರು. ಎಲ್ಲರೂ ಅವರ ಹಿಂದೆ ನಿಂತೆವು. ಮೇಷ್ಟ್ರೂ ಇಲ್ಲಿಯವರೇ ಅಲ್ಲವೇ, ಸೋತರು. ಅಂದಿನಿಂದ ಪಾಠ ಮುಗಿದ ಕೂಡಲೇ ಗೊಬ್ಬರದ ಅಂಗಡಿಯ ಮೆಟ್ಟಿಲುಗಳ ಮೇಲೆ ‘ಐ ಆಮ್ ಕಮಿಂಗ್ ಸಾರ್, ಐ ಆಮ್ ಕಮಿಂಗ್ ಸಾರ್’ ಎನ್ನುತ್ತ ಎಲ್ಲರೂ ಇಳಿದು ಹೋಗುತ್ತಿದ್ದೆವು. ಬಾಯಿಗೆ ಅದೇ ಅಭ್ಯಾಸವಾಯಿತು.

ಮೊನ್ನೆ ಶುಕ್ರವಾರ ಸಂದರ್ಶನ. ಹಸಿರು ಅಂಚಿನ ಮಾವಿನಹಣ್ಣು ಬಣ್ಣದ ಸೀರೆ ಉಟ್ಟುಕೊಂಡು, ಕೆ.ಆರ್. ಪೇಟೆಯಿಂದ ಚಿನಕುರಳಿ, ಪಾಂಡವಪುರದ ಮೇಲೆ ಶ್ರೀರಂಗಪಟ್ಟಣಕ್ಕೆ ಹೋದೆ. ನನ್ನ ಜೊತೆ ಕಾಯುತ್ತಿದ್ದವರೆಲ್ಲ ಚಿಕ್ಕ ವಯಸ್ಸಿನವರು, ಇಬ್ಬರು ಮೈಸೂರಿನಲ್ಲಿ ಇಂಥದ್ದೇ ಕೆಲಸ ಮಾಡಿದವರಂತೆ. ಒಳಗೆ ಮ್ಯಾನೇಜರ್ ಮೇಡಂ, ನಾಗಪುರದ ಕಡೆಯವರು, ಕನ್ನಡ ಬಾರದು. ಕಣ್ಣಿಗೆ ಕನ್ನಡಕ, ಮೇಜಿನ ಮೇಲೆ ನಮ್ಮೆಲ್ಲರ ಅರ್ಜಿ. ನಿಮ್ಮ ಬಗ್ಗೆ ಹೇಳಿ ಅಂದರು. ಅದನ್ನು ನಾನು ಉರುಹೊಡೆದಿದ್ದೆ ರೀ, ಕನಸಿನಲ್ಲಿ ಕೇಳಿದರೂ ಹೇಳುತ್ತಿದ್ದೆ. ಹೆಸರು ಹೇಳಿದೆ, ಊರು ಹೇಳಿದೆ, ಆಮೇಲೆ ತಲೆಯಲ್ಲಿ ಕರೆಂಟು ಹೋಯಿತು. ಬಂದ ಅತಿಥಿ ಸಿಟ್ಟು ಮಾಡಿಕೊಂಡರೆ ಏನು ಮಾಡುತ್ತೀರಿ ಅಂದರು. ದಿನಾ ಸಿಟ್ಟು ಮಾಡಿಕೊಳ್ಳುತ್ತಿದ್ದ ಅತ್ತೆಯ ಮುಖ ಕಣ್ಣಿಗೆ ಬಂತೇ ಹೊರತು ಒಂದು ಇಂಗ್ಲಿಷ್ ಪದ ಬಾಯಿಗೆ ಬರಲಿಲ್ಲ. ಒಳ್ಳೆಯ ಹೆಂಗಸು, ಬೇಸರ ತೋರಿಸಲಿಲ್ಲ. ‘ಥ್ಯಾಂಕ್ಯೂ, ಯು ಮೇ ಗೋ’ ಅಂದರು. ಮುಗಿಯಿತು ಎಂದು ತಿಳಿಯಿತು. ಎದ್ದು ಕೈ ಮುಗಿದು, ಬಾಗಿಲ ಹತ್ತಿರ ತಿರುಗಿ, ‘ಐ ಆಮ್ ಕಮಿಂಗ್, ಮೇಡಂ’ ಎಂದು ಹೇಳಿ ಹೊರಟುಬಿಟ್ಟೆ. ಬಸ್‌ಸ್ಟ್ಯಾಂಡಿಗೆ ಬಂದು ಸಿಕ್ಕಿದ ಬಸ್ಸು ಹತ್ತಿದೆ. ಕಿಟಕಿ ಕಡೆ ಮುಖ ಮಾಡಿ ಕೂತು, ನಿಮ್ಮ ಬೆಂಗಳೂರಿನ ಗೇಟು ನೆನೆಸಿಕೊಂಡು ಅತ್ತುಬಿಟ್ಟೆ. ಯಾರಿಗೂ ಕಾಣಿಸಲಿಲ್ಲ ಅಂದುಕೊಂಡಿದ್ದೇನೆ.

ಬಸ್ಸು ಪಾಂಡವಪುರ ಸೇರುವಷ್ಟರಲ್ಲಿ ಗೊತ್ತಿಲ್ಲದ ನಂಬರಿನಿಂದ ಫೋನು. ‘ಯಕ್ಕಾ, ನಾನು ರೆಸಾರ್ಟ್ ಗೇಟಲ್ಲಿರೋ ನಿಂಗರಾಜು. ಎಲ್ಲಿದ್ದೀರಿ ನೀವು? ಮೇಡಮ್ಮು ನಿಮ್ಗೇ ಅಂತ ಕಾಯ್ತಾ ಕುಂತವ್ರೆ.’ ನನಗೆ ಏನೂ ತಿಳಿಯಲಿಲ್ಲ. ಯಾಕೆ ಎಂದೆ. ‘ಬತ್ತೀನಿ ಅಂದ್ರಂತಲ್ಲ ನೀವು? ಎಲ್ರುದೂ ಮುಗೀತು, ಊಟಕ್ಕೂ ಏಳ್ದೆ ಕುಂತವ್ರೆ. ಆ ಲೇಡಿ ಈಗ ಬತ್ತೀನಿ ಅಂದೋಳು ಎಲ್ಲೋದ್ಲು, ನೋಡು ಅಂತ ನಿಮ್ ನಂಬರ್ ಕೊಟ್ರು.’ ‘ಬತ್ತೀನಿ ಅಂದೆ ಕಣಪ್ಪ, ಹೊರಡಾಕೆ ಅಂದೆ’ ಎಂದು ಹೇಳುವಷ್ಟರಲ್ಲಿ ಆ ಕಡೆಯಿಂದ ನಗುವೋ ನಗು. ‘ಅಯ್ಯೋ ಯಕ್ಕಾ, ಅದು ಆ ಯಮ್ಮಂಗೆ ಎಂಗ್ ಗೊತ್ತಾಯ್ತದೆ? ನಾನು ಬಾಯಿ ಬುಡಕಿಲ್ಲ, ನೀವು ಬಂದ್ಬುಡಿ’ ಅಂದ. ಪಾಂಡವಪುರ ಸ್ಟ್ಯಾಂಡಿನಲ್ಲಿ ಧುಮುಕಿ ಎದುರಿಗೆ ಹೊರಡುತ್ತಿದ್ದ ಬಸ್ಸು ಹತ್ತಿದೆ. ಅದರ ಕಂಡಕ್ಟರು ನಾನು ಆ ಬಸ್ಸಿನಿಂದ ಇಳಿದು ಓಡಿ ಬರುವುದನ್ನು ನೋಡಿದ್ದನಂತೆ. ‘ಎಂಗುಸ್ರಿಗೆ ಫ್ರೀ ಮಾಡಿದ್ದೇ ಮಾಡಿದ್ದು, ಇಂಗೋಗಿ ಅಂಗ್ ಬರೋದೇ ಒಂದ್ ಕೆಲ್ಸ ಆಗೋಯ್ತು’ ಎಂದು ಎಲ್ಲರಿಗೂ ಕೇಳುವ ಹಾಗೆ ಅಂದ. ಬೇರೆ ದಿನವಾಗಿದ್ದರೆ ಬಿಡುತ್ತಿರಲಿಲ್ಲ. ಅವತ್ತು ಅವನ ಮಾತು ಕಿವಿಗೆ ಸಂಗೀತದ ಹಾಗಿತ್ತು. ದಾರಿಯುದ್ದಕ್ಕೂ ಒಂದೇ ಯೋಚನೆ. ಜೆರಾಕ್ಸ್ ಮಾಡಿಸಲು ಹೋಗಿದ್ದೆ ಎಂದು ಹೇಳಿದರೆ ಸುಲಭ, ಅದಕ್ಕೆ ಬೇಕಾದ ಇಂಗ್ಲಿಷೂ ಇತ್ತು. ಆದರೆ ಸುಳ್ಳು ಹೇಳಿ ಕೂತರೆ ಮತ್ತೆ ಅದೇ ಭಯದಲ್ಲಿ ಕೂರಬೇಕಲ್ಲ, ಮತ್ತೆ ಬಾಯಿ ಕಟ್ಟುತ್ತದೆ. ಗೇಟಿನಲ್ಲಿ ನಿಂಗರಾಜು ಸೆಲ್ಯೂಟ್ ಹೊಡೆದ. ನೀವು ಹೊಡೆಯುವ ಹಾಗಲ್ಲ, ಆದರೂ ಚೆನ್ನಾಗಿತ್ತು.

ಮೇಡಂ ಎದುರಿಗೆ ಊಟದ ಡಬ್ಬಿ ಮುಚ್ಚಿದ ಹಾಗೇ ಇತ್ತು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳಿದರು. ನಾನು ಹೇಳಿದೆ, ಒಂದೊಂದೇ ಪದ ಹುಡುಕಿಕೊಂಡು, ಇಂಗ್ಲಿಷಿನಲ್ಲೇ ಹೇಳಿದೆ: ಮೇಡಂ, ನಾನು ಹೋಗಿದ್ದೆ. ನೀವು ಹೋಗು ಅಂದಿರಿ, ಅದಕ್ಕೆ ಹೋದೆ. ಆದರೆ ನಮ್ಮಲ್ಲಿ ಹೋಗುವವರು ಹೋಗ್ತೀನಿ ಅನ್ನುವುದಿಲ್ಲ. ನನ್ನ ಗಂಡ ಮಿಲಿಟರಿಯಲ್ಲಿದ್ದಾರೆ. ಪ್ರತಿ ರಜೆ ಮುಗಿದಾಗಲೂ ಬಾಗಿಲಲ್ಲಿ ನಿಂತು ಬರ್ತೀನಿ ಅಂತಲೇ ಹೇಳುತ್ತಾರೆ. ಅವರು ಇಷ್ಟು ವರ್ಷವೂ ಬಂದಿದ್ದಾರೆ. ಆದ್ದರಿಂದ ನಾನು ಆ ಪದ ಬದಲಾಯಿಸಲಾರೆ. ಇಷ್ಟನ್ನೂ ಹೇಳಿ ಮುಗಿಸಿದ ಮೇಲೇ ನನಗೆ ತಿಳಿದದ್ದು, ನಾನು ನಿಲ್ಲದೆ ಮಾತಾಡಿದ್ದೆ. ತಪ್ಪುಗಳು ಇದ್ದವು, ಇಲ್ಲ ಅನ್ನುವುದಿಲ್ಲ. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ನಗುತ್ತಾರೆ ಎಂದುಕೊಂಡೆ. ಮರಾಠಿಯಲ್ಲಿ ಅವರೂ ಹೊರಡುವಾಗ ‘ಯೇತೆ’, ಅಂದರೆ ಬರ್ತೀನಿ, ಅನ್ನುತ್ತಾರಂತೆ. ಅಜ್ಜಿಯ ಮನೆಯಲ್ಲಿ ಜಾತೆ, ಹೋಗ್ತೀನಿ, ಅಂದರೆ ಬೈಸಿಕೊಳ್ಳಬೇಕಿತ್ತಂತೆ. ಇಂಗ್ಲಿಷಿನಲ್ಲಿ ಕೇಳಿದ್ದರಿಂದ ಹೊಳೆಯಲೇ ಇಲ್ಲ ಅಂದರು. ಆಮೇಲೆ ನಕ್ಕರು ನೋಡಿ! ತೋಟದ ಮಾಲಿ, ಅಡಿಗೆಯವರು ಎಲ್ಲ ಸಂಜೆ ‘ಕಮಿಂಗ್ ಮೇಡಂ’ ಎಂದು ಹೇಳಿ ಹೋದರೆ ಬೆಳಿಗ್ಗೆವರೆಗೂ ಪತ್ತೆ ಇರುತ್ತಿರಲಿಲ್ಲವಂತೆ. ಈ ಸೀಮೆಯ ಜನಕ್ಕೆ ಮಾತಿನ ಮೇಲೆ ನಿಲುವಿಲ್ಲ ಎಂದುಕೊಂಡು ಒಬ್ಬಿಬ್ಬರಿಗೆ ಬೈದೂ ಇದ್ದರಂತೆ. ನಿಂಗರಾಜುವನ್ನು ಕೂಗಿ, ನೀನೂ ಹಾಗೇ ಅನ್ನುತ್ತೀಯಾ ಎಂದರು. ‘ಎಸ್ ಮೇಡಂ, ಡೈಲಿ ಮೇಡಂ’ ಎಂದು ಅವನು ಹಲ್ಲು ಬಿಟ್ಟ.

ಆಮೇಲೆ ಮೊದಲಿನ ಪ್ರಶ್ನೆಯನ್ನೇ ಮತ್ತೆ ಕೇಳಿದರು: ಅತಿಥಿ ಸಿಟ್ಟಾದರೆ? ಈ ಸಲ ಡೈರಿಯ ಬೆಳಗು ಕಣ್ಣಮುಂದೆ ಬಂತು. ಹಾಲು ತೆಳ್ಳಗಿದೆ ಅಂದ ಕೂಡಲೇ ಕ್ಯಾನು ಕುಕ್ಕಿ ಕೂಗಾಡುವವರನ್ನು ದಿನಾ ನೋಡುವವಳು ನಾನು. ‘ಫಸ್ಟ್ ಐ ಗಿವ್ ವಾಟರ್’ ಅಂದೆ, ಅದು ಅತ್ತೆ ಕಲಿಸಿದ್ದು. ಉಳಿದದ್ದಕ್ಕೆಲ್ಲ ಚಲುವರಾಜು ಮೇಷ್ಟ್ರ ಒಂದೇ ಪದ ಸಾಲುಗಟ್ಟಿ ಬಂತು. ‘ಐ ಸೇ, ಗೋ ಆನ್ ಸರ್. ಐ ಲಿಸನ್. ಐ ಗೋ ಥ್ರೂ ದಿ ಬಿಲ್. ಇಫ್ ಸಂಥಿಂಗ್ ವೆಂಟ್ ರಾಂಗ್, ಐ ಸೇ ಸಾರಿ. ದೆನ್ ಹಿಸ್ ಆಂಗರ್ ವಿಲ್ ಗೋ ಡೌನ್.’ ಮೇಡಂ ಮುಂದಕ್ಕೆ ಬಾಗಿ ‘ಗೋ ಆನ್, ಗೋ ಆನ್’ ಅನ್ನುತ್ತಲೇ ಇದ್ದರು! ಹಾಗೆ ಮಾತಾಡುತ್ತ ಅವರ ಊಟದ ಹೊತ್ತು ಪೂರ್ತಿ ಕಳೆಯಿತು. ಹೊರಗೆ ಯಾರೂ ಕಾಯುತ್ತಿರಲಿಲ್ಲವಲ್ಲ, ಕೊನೆಯವಳು ನಾನೇ. ಕೊನೆಗೆ ಅವರು ಹೇಳಿದ್ದು ಕೇಳಿ: ಮೂರು ತಿಂಗಳು ಪರೀಕ್ಷೆಗೆ ಇಟ್ಟುಕೊಳ್ಳುತ್ತೇವೆ, ‘ಲೆಟ್ ಅಸ್ ಸೀ ಹೌ ಇಟ್ ಗೋಸ್’, ಚೆನ್ನಾಗಿ ನಡೆದರೆ ಕಾಯಂ. ಡಿಸೆಂಬರ್ ಒಂದರಿಂದ ಬರಬೇಕು. ಬೆಳಿಗ್ಗೆ ಆರರ ಡ್ಯೂಟಿ, ಸಿಂಧಘಟ್ಟದಿಂದ ಓಡಾಡಿಕೊಂಡು ಆಗುವುದಿಲ್ಲ, ಅಲ್ಲೇ ರೂಮು ಮಾಡಿಕೊಳ್ಳಬೇಕು. ಮನೆಯಲ್ಲಿ ಕೇಳಿ ಸೋಮವಾರ ಸಂಜೆಯೊಳಗೆ ಹೇಳಿ ಅಂದಿದ್ದಾರೆ.

ಸಿಕ್ಕಿತು ರೀ! ನನಗೆ ಸಿಕ್ಕಿತು! ನಿನ್ನೆ ಮೇಷ್ಟ್ರಿಗೆ ಹೇಳಲು ಹೋದರೆ ಕ್ಲಾಸೆಲ್ಲ ಎದ್ದು ನಿಂತು ಕೂಗಿತು. ಚಿಕ್ಕಬೋರಮ್ಮ ‘ಬತ್ತೀನಿ ಅನ್ನಾಕೆ ಕಲ್ಸಿದ್ದು ನಾನು ಕಣವ್ವ, ಮೇಷ್ಟ್ರಲ್ಲ’ ಎಂದು ನನ್ನ ಬಾಯಿಗೆ ಮೈಸೂರುಪಾಕು ತುರುಕಿದರು. ಮೇಷ್ಟ್ರು ಮಾತ್ರ ನನ್ನನ್ನು ಪಕ್ಕಕ್ಕೆ ಕರೆದು, ಅಲ್ಲಿ ಬೇರೆ ದೇಶದವರು ಬರುತ್ತಾರೆ, ಅವರ ಮುಂದೆ ಹಾಗೆ ಹೇಳಬೇಡ, ಹೊರಡುವವರಿಗೆ ‘ಸೇಫ್ ಜರ್ನಿ’ ಅನ್ನು, ಸಾಕು ಅಂದರು. ಅದನ್ನು ಅಭ್ಯಾಸ ಮಾಡುತ್ತಿದ್ದೇನೆ.

ಈಗ ಉಳಿದಿರುವುದು ನಿಮ್ಮ ಮಾತು. ಹೋದ ರಜೆಯಲ್ಲಿ ‘ನಾನಿನ್ನೂ ದುಡೀತಾವ್ನಲ್ಲ, ನೀನ್ಯಾಕೆ ಒದ್ದಾಡ್ತೀಯ’ ಎಂದು ನೀವು ಹೇಳಿದ್ದು ನನಗೆ ನೆನಪಿದೆ. ಪ್ರೀತಿಯಿಂದ ಹೇಳಿದಿರಿ, ಗೊತ್ತು. ರಂಜಿತ ಈ ವರ್ಷದ ಪರೀಕ್ಷೆ ಇಲ್ಲೇ ಮುಗಿಸಲಿ, ಜೂನ್‌ನಲ್ಲಿ ಅಲ್ಲಿನ ಶಾಲೆಗೆ ಸೇರಿಸೋಣ ಎಂದು ಯೋಚಿಸಿದ್ದೇನೆ. ವಾರದ ರಜೆಗೆ ನಾನು ಊರಿಗೆ ಬರುತ್ತೇನೆ. ನೀವು ಏನು ಹೇಳುತ್ತೀರಿ? ಬೇಗ ತಿಳಿಸಿ. ಕೆಮ್ಮಿಗೆ ಮೆಣಸಿನ ಕಷಾಯ ಮಾಡಿಸಿಕೊಂಡು ಕುಡಿಯಿರಿ, ಕಿವಿ ಮುಚ್ಚಿಕೊಳ್ಳಿ, ಕಾಲುಚೀಲ ಒದ್ದೆಯಾದರೆ ಬದಲಾಯಿಸಿ. ನಿಮ್ಮ ಅವ್ವ, ಅಪ್ಪಾಜಿ ಇಬ್ಬರದೂ ಆಶೀರ್ವಾದ, ರಂಜಿತಳ ಮುತ್ತು, ಹೊಸ ಕರುವಿನ ಕಡೆಯಿಂದ ಒಂದು ನೆಕ್ಕು.

ಇಂತಿ ನಿಮ್ಮ,
ಪ್ರಮೀಳಾ

ತಾ.ಕ.: ಸೋಮವಾರ ಬೆಳಿಗ್ಗೆ. ಕಾಗದ ಮಡಿಸುವಾಗ ಅತ್ತೆ ಏನು ಬರೆದೆ, ಓದು ಅಂದರು. ಓದಿದೆ. ನಿಮ್ಮ ಮಾತು ಉಳಿದಿದೆ ಎಂಬ ಕಡೆ ನಿಲ್ಲಿಸಿ, ‘ಕಾಗ್ದ ಬೆಟ್ಟ ಅತ್ತಿ ಉತ್ರ ಇಳ್ದು ಬರೋ ಒತ್ಗೆ ಆ ಕುರ್ಚೀಲಿ ಇನ್ಯಾವಳೋ ಕುಂತಿರ್ತಾಳೆ. ಅವ್ನು ಬ್ಯಾಡ ಅಂದ್ರೆ ನಾನು ಮಾತಾಡ್ಕತೀನಿ ಬುಡು, ಈಗ್ಲೇ ಆ ಮೇಡಮ್ಗೆ ಫೋನ್ ಮಾಡು’ ಎಂದು ಎದುರಿಗೇ ಕೂತರು. ಮಾಡಿದೆ. ಒಪ್ಪಿಕೊಂಡಿದ್ದೇನೆ. ಮೇಲೆ ಕೇಳಿದ್ದನ್ನು ಹೊಡೆದುಹಾಕಲು ಹೊತ್ತಿಲ್ಲ, ಧರ್ಮೇಂದ್ರ ಗಾಡಿ ಹಾರ್ನ್ ಮಾಡುತ್ತಿದ್ದಾರೆ, ಹಾಗೇ ಕಳಿಸುತ್ತಿದ್ದೇನೆ. ರೆಸಾರ್ಟಿಗೆ ಹತ್ತಿರದ ಗಂಜಾಮಿನಲ್ಲಿ ಶುಕ್ರವಾರ ವಾಪಸ್ಸು ಬರುವಾಗಲೇ ಒಂದು ರೂಮು ನೋಡಿದ್ದಾಗಿದೆ. ಜನವರಿಯ ರಜೆಗೆ ಬರುವಾಗ ಪಾಂಡವಪುರದಲ್ಲಿ ರೈಲು ಇಳಿಯಬೇಡಿ, ಶ್ರೀರಂಗಪಟ್ಟಣಕ್ಕೇ ಟಿಕೆಟ್ ತೆಗೆಸಿ. ನಾನು ಡ್ಯೂಟಿಯಲ್ಲಿದ್ದರೆ ಬೀಗದ ಕೈ ಪಕ್ಕದ ಮನೆಯ ಸಿದ್ದಲಿಂಗಮ್ಮನವರ ಹತ್ತಿರ ಇರುತ್ತದೆ. ನಿಮ್ಮ ಹೆಸರು ಹೇಳಿ ಇಟ್ಟಿರುತ್ತೇನೆ.